ಡಾಕ್ಟರು ಖಾಲಿ ಬಿಟ್ಟ ಜಾಗ

ಕಳೆದ ವಾರ ಡೊಂಬಿವ್ಲಿ ಸ್ಟೇಷನ್ ಹತ್ತಿರದ ರದ್ದಿ ಅಂಗಡಿಯಲ್ಲಿ, ಹಳೆ ಪೇಪರುಗಳ ಮೇಲೆ ಒಂದು ಪ್ಲಾಸ್ಟಿಕ್ ಮೊಣಕಾಲು ಕಂಡಿತು. ರೋಗಿಗಳಿಗೆ ಮಡಚಿ ತೋರಿಸುವ ಮಾದರಿ. ಕೆಳಗೆ ಔಷಧ ಕಂಪನಿಯ ಹೆಸರು ಅರ್ಧ ಅಳಿಸಿತ್ತು. ನಮ್ಮ ಬಿಲ್ಡಿಂಗಿನ ಕೆಳಗೆ ದವಾಖಾನೆ ಇಟ್ಟಿದ್ದ ಡಾಕ್ಟರ ಮೇಜಿನ ಮೇಲೆ ಇಂಥದೇ ಇತ್ತು...

ಅವರು ಉಡುಪಿ ಕಡೆಯವರು, ನಮ್ಮ ಹಾಗೇ. ಅಮ್ಮನಿಗೆ ಜ್ವರ ಬಂದರೆ ತಾವೇ ಮೂರು ಮಹಡಿ ಹತ್ತಿ ಬರುತ್ತಿದ್ದರು. ಒಳ್ಳೆಯವರು. ಇದನ್ನು ಹೇಳದೆ ಮುಂದೆ ಹೋಗಲಾರೆ.

ನಾನು ನವಿ ಮುಂಬಯಿಯಲ್ಲಿ ವೈದ್ಯಕೀಯ ಪತ್ರಿಕೆಗಳ ಪುಟ ಜೋಡಿಸುವ ಆಫೀಸಿನಲ್ಲಿದ್ದೇನೆ. ಒಂದು ದಿನ ಅವರದೇ ಲೇಖನ ನನ್ನ ಕೈಗೆ ಬಂತು. ಮೊಣಕಾಲು ನೋವಿನ ಹೊಸ ಮಾತ್ರೆಯನ್ನು ತಮ್ಮ ರೋಗಿಗಳಿಗೆ ಕೊಟ್ಟು ನೋಡಿ ಬರೆದದ್ದು. ಆ ಮಾತ್ರೆಯ ಕಂಪನಿಯಿಂದ ಏನಾದರೂ ಪಡೆದಿದ್ದರೆ ಬರೆದವರು ಕೊನೆಯಲ್ಲಿ ಹೇಳಬೇಕು; ಆ ಜಾಗ ಖಾಲಿ. ನಿಯಮದಂತೆ ಬರೆದು ಕೇಳಬೇಕಿತ್ತು. ನಾನು ಮನೆಗೆ ಹೋಗುವಾಗ ದವಾಖಾನೆಗೇ ನುಗ್ಗಿ ಕೇಳಿದೆ.

"ಅದೆಂತ ದೊಡ್ಡ ವಿಷಯ ಮಾರಾಯ್ತಿ? ಏನಿಲ್ಲ ಅಂತ ಹಾಕು. ಎಲ್ರೂ ಹಾಗೇ ಹಾಕುದು."

ಗೋಡೆ ಗಡಿಯಾರ, ಬಾಗಿಲ ಪರದೆ, ಹಿಂದಿನ ಬೇಸಗೆಯ ಸಿಂಗಾಪುರ ಪ್ರವಾಸ, ಎಲ್ಲ ಆ ಕಂಪನಿಯದೇ. ಆ ಕೋಣೆಯಲ್ಲಿ ಅದರ ಹೆಸರಿಲ್ಲದ್ದು ಡಾಕ್ಟರ ಹಣೆಯ ಮೇಲೆ ಮಾತ್ರ. ಪ್ರವಾಸದಿಂದ ಬಂದು ಅವರು ಕೊಟ್ಟ ಚಾಕಲೇಟನ್ನು ನಾನೂ ತಿಂದಿದ್ದೆ.

ಏನಿಲ್ಲ ಎನ್ನುವ ಆ ಸಾಲು ಎಷ್ಟು ಸಲ ಬೇಕಾಗುತ್ತದೆಂದರೆ ನಮ್ಮಲ್ಲಿ ಅದಕ್ಕೊಂದು ಶಾರ್ಟ್‌ಕಟ್ಟೇ ಇದೆ. ಎರಡು ಕೀ ಒತ್ತಿದರೆ, ಲೇಖಕರಿಗೆ ಯಾವ ಹಿತಾಸಕ್ತಿಯ ಸಂಘರ್ಷವೂ ಇಲ್ಲ ಎಂದು ತಾನಾಗಿ ಮೂಡುತ್ತದೆ. ಒತ್ತಿದೆ.

ಅಮ್ಮನಿಗೂ ಅದೇ ಮಾತ್ರೆ ಕೊಟ್ಟರು. ಕಾಲು ಊದಿಕೊಂಡಾಗ ಅಮ್ಮ ಹೆದರಿ ನಿಲ್ಲಿಸಿದಳು. ಡಾಕ್ಟರು ತಮ್ಮ ಲೇಖನದ ಅಚ್ಚಾದ ಪುಟಗಳನ್ನು ತಂದು ತೋರಿಸಿದರು. ಅಮ್ಮ ನನ್ನ ಮುಖ ನೋಡಿದಳು. "ಇದು ನೀನೇ ಮಾಡಿದ್ದಾ ಮಗಾ? ಇದರಲ್ಲಿ ಇದ್ದದ್ದು ಸಮ ಉಂಟಾ?"

ಹೂಂ ಎಂದೆ. ಅಮ್ಮ ಮತ್ತೆ ಮಾತ್ರೆ ಶುರು ಮಾಡಿದಳು...

ಅಮ್ಮನ ಕಿಡ್ನಿ ಹಾಳಾದದ್ದು ಆ ಮಾತ್ರೆಯಿಂದಲೇ ಎಂದು ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಹೇಳಿದರು. ಪ್ರತಿ ಡಯಾಲಿಸಿಸ್‌ಗೂ ಡಾಕ್ಟರು ಬಂದು ಅಮ್ಮನ ಪಕ್ಕ ಕುಳಿತಿರುತ್ತಿದ್ದರು. ಒಮ್ಮೆ ಮಾತ್ರ, "ನಾನದನ್ನ ನಿಜವಾಗ್ಲೂ ನಂಬಿದ್ದೆ ಮಾರಾಯ್ತಿ" ಎಂದರು. ಅದು ಸುಳ್ಳಲ್ಲ. ತಮ್ಮ ಹೆಂಡತಿಗೂ ಅದನ್ನೇ ಕೊಡುತ್ತಿದ್ದರು. ನಂಬದೆ ಒತ್ತಿದವಳು ನಾನು. ಅಮ್ಮ ಹೋದಳು. ದವಾಖಾನೆ ಮುಚ್ಚಿತು, ಕೆಲವು ವರ್ಷಕ್ಕೆ ಡಾಕ್ಟರೂ ಹೋದರು.

"ಲೇನಾ ಹೈ ಕ್ಯಾ, ಮ್ಯಾಡಮ್?" ಎಂದ ರದ್ದಿ ಅಂಗಡಿಯವನು. ಬೇಡವೆಂದು ತಲೆಯಾಡಿಸಿ ಲೋಕಲ್ ರೈಲು ಹಿಡಿದೆ.

ಆಫೀಸಿನಲ್ಲಿ ಅವತ್ತೂ ಒಂದು ಲೇಖನದಲ್ಲಿ ಆ ಜಾಗ ಖಾಲಿಯಿತ್ತು. ಈಗ ನಾನು ತಪ್ಪದೆ ಬರೆದೇ ಕೇಳುತ್ತೇನೆ. ಸಂಜೆಯೊಳಗೆ ಉತ್ತರ ಬಂತು: ಏನಿಲ್ಲ. ಸಮ ಉಂಟಾ ಎಂದು ಕೇಳಲು ಅಮ್ಮ ಇಲ್ಲ. ಎರಡು ಕೀ ಒತ್ತಿದೆ.