ಕಿಟಕಿಯ ಕಲ್ಲುಹೂವು

ಗಾಳಿ ತಪಾಸಣೆ ಕಚೇರಿಯ ಕಲ್ಲುಹೂವಿನ ಸಾಹೇಬರು ಮನುಷ್ಯರ ಮುಖಕ್ಕಿಂತ ಮೊದಲು ಮರದ ತೊಗಟೆ ನೋಡುತ್ತಾರೆ. ಮದುವೆಗೆ ಹೋದರೂ ಅಂಗಳದ ಮರಕ್ಕೆ ಭೂತಗನ್ನಡಿ ಹಿಡಿದು ನಿಂತು, ವಧೂವರರನ್ನು ಹರಸುವುದನ್ನೇ ಮರೆತು ವಾಪಸು ಬರುತ್ತಾರೆ. ದೂರದ ಕಾಡಿನಿಂದ ಕಲ್ಲುಹೂವು ಬೆಳೆದ ತೊಗಟೆ ತಂದು ಕಾರ್ಖಾನೆಗಳ ಸುತ್ತ ಕಂಬಕಂಬಕ್ಕೆ ಕಟ್ಟುವುದು, ಅದು ಬಿಳಿಚಿಕೊಂಡ ಕಡೆ ಗಾಳಿ ಕೆಟ್ಟಿದೆ ಎಂದು ವರದಿ ಕೊಡುವುದು ಅವರ ಕೆಲಸ. ಯಾರಾದರೂ ಕಲ್ಲುಹೂವನ್ನು ಪಾಚಿ ಅಂದರೆ ದಿನವಿಡೀ ಮುಖ ಊದಿಸಿಕೊಂಡಿರುತ್ತಾರೆ. “ಗಾಳಿ ಅಳೆಯೋ ಯಂತ್ರಕ್ಕೆ ಕರೆಂಟು ಬೇಕು ಕಣ್ರೀ, ಇದಕ್ಕೆ ಉಸಿರು ಸಾಕು” ಎನ್ನುವುದು ಅವರ ಬಾಯಿಪಾಠ. “ಸತ್ತಿದ್ದನ್ನ ಬಿಚ್ಚಿ ಹೊಸದು ಕಟ್ಟಿಬಿಡಿ ಸಾರ್, ಯಾರಿಗೆ ಗೊತ್ತಾಗುತ್ತೆ” ಎಂದು ಮ್ಯಾನೇಜರುಗಳು ಹಲ್ಲು ಗಿಂಜಿದರೆ, “ಪ್ರಾಣ ಹೋದ್ರೂ ಬದಲಾಯಿಸಲ್ಲ” ಎಂದು ಎದ್ದು ಬರುತ್ತಾರೆ. ಅವರಿಗೆ ಸಿಕ್ಕ ಸರ್ಕಾರಿ ಮನೆಯೂ ಅದೇ ಕಾರ್ಖಾನೆಗಳ ಹೊಗೆಕೊಳವೆಗಳ ಬುಡದಲ್ಲಿದೆ. ಉಬ್ಬಸದ ಮಗಳು ಹಟ ಹಿಡಿದಳೆಂದು ಅವಳ ಕಿಟಕಿಗೂ ಒಂದು ತುಂಡು ಕಟ್ಟಿದ್ದಾರೆ. ಬೆಳಗಾದರೆ ಅವಳು ಏದುಸಿರು ಬಿಡುತ್ತಲೇ ಕೇಳುತ್ತಾಳೆ, “ಅಪ್ಪಾ, ನನ್ನ ಹೂವು ಹೇಗಿದೆ?” “ಹಸಿರಾಗಿದೆ ಪುಟ್ಟಿ, ನೀನೇ ನೋಡು.” ನೋಡಿದರೆ ಹಸಿರಾಗಿಯೇ ಇರುತ್ತದೆ. ಬಿಳಿಚಿದ್ದನ್ನು ಸಾಹೇಬರು ಅವಳು ಏಳುವ ಮೊದಲೇ ಬಿಚ್ಚಿ ಜೇಬಿಗೆ ಹಾಕಿಕೊಂಡಿರುತ್ತಾರೆ.