ಉಚ್ಚೆಂಗಮ್ಮನ ಖಾಲಿ ಕವಣೆ

‘ಉಚ್ಚೆಂಗಮ್ಮ ಬಾಯಿ ತೆಗೆದ್ಲಂದ್ರ ಕಂಪ್ಲಿಯಾಗ ಮಲಗಿದ ಕೂಸು ಏಳ್ತದ’ ಎಂದು ಕಮಲಾಪುರದ ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಆ ಬಾಯಿಯೇ ಅವಳ ಅನ್ನ. ಕಾಲುವೆ ನೀರಿನಿಂದ ಭತ್ತದ ಹಿಂದೆಯೇ ಶೇಂಗಾ ಬಂತು, ಶೇಂಗಾದ ಹಿಂದೆ ಕರ್ಕರ ಕೊಕ್ಕರೆ ಬಂದವು, ಅವುಗಳ ಹಿಂದೆ ಉಚ್ಚೆಂಗಮ್ಮನಿಗೆ ಹಕ್ಕಿ ಓಡಿಸುವ ಕೆಲಸ ಬಂತು.

ಚಳಿಗಾಲಕ್ಕೆ ಎಲ್ಲಿಂದಲೋ ಹಾರಿ ಬರುವ ಬೂದು ಮೈಯ, ಕಪ್ಪು ಕುತ್ತಿಗೆಯ ಹಕ್ಕಿಗಳವು. ಕಣ್ಣ ಹಿಂದೆ ಬಿಳಿ ಗರಿಯ ಕುಚ್ಚು. ‘ಮದುವಿಗೆ ಬಂದೋರಂಗ ಸಿಂಗಾರಾಗಿ ಬಂದಾವ, ಉಪವಾಸ ಹೆಂಗ ಕಳಿಸ್ಲಿ?’ ಎಂದು ಅವಳು ಒಂದು ಉಪಾಯ ಹೂಡಿದ್ದಳು. ಹೊಲದ ಒಡೆಯ ಮರಿಸ್ವಾಮಿಗೆ ಕೇಳುವಂತೆ ‘ಹೋಗ್ರಲೇ, ನಿಮ್ಮ ಕುತ್ತಿಗಿ ಮುರೀಲಿ!’ ಎಂದು ಬೈಯುತ್ತ, ಕಲ್ಲಿಲ್ಲದ ಕವಣೆ ಬೀಸುತ್ತ, ಬದುವಿನ ಮೂಲೆಯನ್ನು ಹಕ್ಕಿಗಳಿಗೆ ಬಿಟ್ಟುಕೊಡುವುದು. ಏಳೆಂಟು ವರ್ಷದಲ್ಲಿ ಅವಳ ಬೈಗುಳ ಅವಕ್ಕೆ ಊಟದ ಗಂಟೆಯಾಗಿತ್ತು.

ಸಾವಿರದ ಒಂಬೈನೂರ ಎಪ್ಪತ್ತೈದರ ಸಂಕ್ರಾಂತಿಯ ಹೊತ್ತಿಗೆ ಮರಿಸ್ವಾಮಿ ಶೇಂಗಾ ಬೀಜಕ್ಕೆ ಹುಳ ಹತ್ತದಿರಲೆಂದು ಹೊಸ ಔಷಧಿ ಪುಡಿ ಕಲಸಿ ಬಿತ್ತಿಸಿದ. ಮರುದಿನ ಆ ಮೂಲೆಯಲ್ಲೇ ಎರಡು ಕೊಕ್ಕರೆ ಬಿದ್ದಿದ್ದವು. ಒಂದು ಸತ್ತಿತ್ತು. ಕತ್ತೆತ್ತಲಾರದೆ ನಡುಗುತ್ತಿದ್ದ ಇನ್ನೊಂದು ಅವಳ ಮಡಿಲಲ್ಲೇ ತಣ್ಣಗಾಯಿತು.

ಅವಳು ಮರಿಸ್ವಾಮಿಯ ಬಾಗಿಲಿಗೆ ಓಡಿದಳು. ‘ಆ ಬೀಜ ತಿಂದು ಹಕ್ಕಿ ಸಾಯಾಕತ್ತಾವ್ರಿ ಸಾವ್ಕಾರ್ರ!’

‘ತಿನ್ನಬಾರದಂತನ ನಿನ್ನ ಇಟ್ಟೀನಲ್ಲಬೇ? ನಿನ್ನ ಬಾಯಿಗೆ ನಮ್ಮ ಎತ್ತು ಹಗ್ಗ ಹರಕೊಂಡು ಓಡ್ತಾವು, ಹಕ್ಕಿ ಯಾಕ ಓಡ್ಲಿಲ್ಲ?’

ಅವಳು ಖಾಲಿ ಕವಣೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿರುಗಿದಳು.

ಹೊಲಕ್ಕೆ ಮರಳಿದರೆ ಮತ್ತೆ ಮೂವತ್ತು ಕೊಕ್ಕರೆ ಇಳಿಯುತ್ತಿದ್ದವು. ಅವಳು ಬೈದಳು, ಅವು ನೆಟ್ಟಗೆ ಮೂಲೆಗೆ ನಡೆದವು. ಇನ್ನೂ ಜೋರಾಗಿ ಬೈದಳು. ದೂರದವೂ ಬಂದು ಸೇರಿದವು. ಕೊನೆಗೆ ಕಣ್ಣೀರು ಒರೆಸಿಕೊಂಡು, ಕವಣೆಗೆ ನಿಜವಾದ ಕಲ್ಲಿಟ್ಟಳು. ಮೊದಲ ಕಲ್ಲು ಕಾಲುವೆಗೆ ಬಿತ್ತು. ಎರಡನೆಯದು ಮುಂದಾಳು ಹಕ್ಕಿಯ ಬಾಲಕ್ಕೆ ತಗುಲಿತು. ಕರ್ರ್ ಎಂದು ಹಿಂಡೆಲ್ಲ ಎದ್ದಿತು.

ಮೊಳಕೆ ಮೂಡುವವರೆಗೆ ಅವಳು ಹೊಲ ಬಿಟ್ಟು ಕದಲಲಿಲ್ಲ. ಚೆಲ್ಲಿದ ಬೀಜ ಆರಿಸಿ ಆಳವಾಗಿ ಹೂಳಿದಳು. ನೆರೆಹೊಲದ ಹುಸೇನಮ್ಮನಿಗೆ ದುಂಬಾಲು ಬಿದ್ದು ಭತ್ತ ಕೊಯ್ದ ಕೂಳೆಗೆ ಎಂಟು ದಿನ ನೇಗಿಲು ಹೂಡದಂತೆ ಮಾಡಿದಳು; ಉದುರಿದ ಕಾಳು ಹಕ್ಕಿಗಳ ಪಾಲಾಯಿತು.

ಅಂದಿನಿಂದ ಅವಳ ನೆರಳು ಕಂಡರೂ ಕೊಕ್ಕರೆಗಳು ಹಾರುತ್ತಿದ್ದವು. ‘ನಿನ್ನ ಬೀಗ್ರು ಮಾತು ಬಿಟ್ರೇನಬೇ?’ ಎಂದು ಹುಸೇನಮ್ಮ ಕೆಣಕಿದಳು.

‘ಬಿಟ್ರ ಬಿಡ್ಲಿ, ಜೀವಂತ ಅದಾವಲ್ಲ!’

ಔಷಧಿ ಬೀಜ ಬಿತ್ತುವವರೆಲ್ಲ ಆಮೇಲೆ ಅವಳನ್ನೇ ಕರೆದರು. ಹದಿನೆಂಟು ವರ್ಷ ಕವಣೆ ತಿರುಗಿತು.

ಮೊಣಕಾಲು ಸೋತಾಗ ಮಗಳು ಕೊಟ್ರಮ್ಮ ಹೊಸಪೇಟೆಗೆ ಕರೆದೊಯ್ಯಲು ಆಟೋ ತಂದಳು. ಉಚ್ಚೆಂಗಮ್ಮ ಕೊನೆಯ ಸಲ ಬಾಗಿಲಿಗೆ ಬೀಗ ಹಾಕಿ ಅಂಗಳಕ್ಕಿಳಿದಳು. ಎದುರಿನ ಹೊಲದ ಕೊಕ್ಕರೆಗಳು ಭರ್ರನೆ ಎದ್ದವು.

‘ನನ್ನ ಆಟೋ ಸದ್ದಿಗೆ ಎದ್ವು’ ಎಂದ ಚಾಲಕ ಎರ್ರಿಯಪ್ಪ.

‘ಸುಮ್ನಿರಲೇ, ನನ್ನ ನೋಡೇ ಎದ್ದಾವ!’ ಎಂದು ನಗುತ್ತಾ ಅವಳು ಆಟೋ ಹತ್ತಿದಳು.