ಅಕ್ಕನಿಗಾಗಿ ಕೊಂಡ ಎರಡು ಸೀಟಿನ ಕಾರು

ದಿನನಿತ್ಯದ ಓಡಾಟಕ್ಕೆಂದು ಸೆಕೆಂಡ್‌ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡ ಎಪ್ಪತ್ತೊಂದು ವರ್ಷದ ಹೆಂಗಸು ಮುಂಬಯಿಯಲ್ಲಿ ನಾನೊಬ್ಬಳೇ ಆಗಿರಲಾರೆ. ಆದರೆ ಇನ್ನೊಬ್ಬಳನ್ನು ಈತನಕ ನೋಡಿಲ್ಲ. ನೋಡಿದ್ದರೆ ಸಿಗ್ನಲ್ಲಿನಲ್ಲೇ ತಡೆದು, ನಿಮ್ಮ ಸೊಂಟ ಹೇಗಿದೆ ಎಂದು ಕೇಳುತ್ತಿದ್ದೆ.

ತಪ್ಪು ನನ್ನದೇ. ಜಾಹೀರಾತಿನಲ್ಲಿ ಸ್ಪಷ್ಟವಾಗಿ ಬರೆದಿತ್ತು, ಇದು ವೀಕೆಂಡ್ ಕಾರು, ದಿನಾ ಓಡಿಸುವ ಡೇಲಿ ಡ್ರೈವರ್ ಅಲ್ಲ ಎಂದು. ಆ ‘ಅಲ್ಲ’ ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಇಂಥ ಕಾರುಗಳಿಗೆ ಎಲ್ಲರೂ ಹೆದರುತ್ತಾರೆ, ಅದಕ್ಕೇ ಹಳೆಯದಾದ ಮೇಲೆ ಅವು ಹೊಸ ಸಣ್ಣ ಕಾರಿಗಿಂತ ಅಗ್ಗಕ್ಕೆ ಸಿಗುತ್ತವೆ. ಹೆದರದಿದ್ದರೆ ಆಯಿತಲ್ಲ, ಎಂಬುದು ನನ್ನ ಲಾಜಿಕ್. ಮಾರುತ್ತಿದ್ದವನು ಬಾಂದ್ರಾದ ಗೃಹಸ್ಥ. ಅವಳಿ ಮಕ್ಕಳು ಹುಟ್ಟಿದ್ದರಿಂದ ಎರಡು ಸೀಟಿನ ಕಾರು ಅವನಿಗೆ ಕೆಲಸಕ್ಕೆ ಬಾರದಂತಾಗಿತ್ತು.

“ಗ್ರ್ಯಾಂಡ್‌ಸನ್‌ಗಾ, ಆಂಟಿ?” ಎಂದು ಕೇಳಿದ.

“ಅಲ್ಲ. ನನ್ನ ಅಕ್ಕನಿಗೆ. ಅವಳಿಗೆ ಎಪ್ಪತ್ತಾರು.”

ಕೀಲಿ ಕೊಡುವ ಕೈ ಒಂದು ಕ್ಷಣ ಅಲ್ಲೇ ನಿಂತಿತು. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು.

ಅಕ್ಕನ ವಿಷಯ ಹೇಳಬೇಕು. ನಾವಿಬ್ಬರೂ ಕಾನ್ವೆಂಟಿನಲ್ಲಿ ಕಲಿತವರು. ಅಪ್ಪನಿಗೆ ಫೋರ್ಟಿನಲ್ಲಿ ಉಡುಪಿ ಹೋಟೆಲು. ತಾನು ಇಂಗ್ಲಿಷ್ ಬಾರದೆ ಆಫೀಸರುಗಳ ಮುಂದೆ ತಲೆಯಾಡಿಸುತ್ತಾ ನಿಂತದ್ದು ಸಾಕು, ಹುಡುಗಿಯರು ಹಾಗಾಗಬಾರದು ಎಂದು ಅವರ ಹಟ. ಆ ಶಾಲೆಯಲ್ಲಿ ಶುಕ್ರವಾರ ಮಧ್ಯಾಹ್ನ ಡಿಪೋರ್ಟ್‌ಮೆಂಟ್ ಕ್ಲಾಸ್ ಅಂತ ಒಂದಿತ್ತು. ನಡೆಯುವುದು, ಕೂರುವುದು, ಸೂಪು ಕುಡಿಯುವುದು, ಎಲ್ಲವನ್ನೂ ಸಿಸ್ಟರ್ ಕಲಿಸುತ್ತಿದ್ದರು. ಕಾರು ಹತ್ತುವುದನ್ನೂ. ಶಾಲೆಯ ಹಾಲ್‌ನಲ್ಲಿ ಒಂದು ಮೋಟು ಬೆಂಚು ಇಟ್ಟು, ಅದೇ ಕಾರು ಎಂದು ತಿಳಿದುಕೊಳ್ಳಬೇಕು. ಮೊದಲು ಬೆನ್ನು ತಿರುಗಿಸಿ ಕೂರಬೇಕು, ಆಮೇಲೆ ಮಂಡಿ ಎರಡೂ ಜೋಡಿಸಿ ಕಾಲನ್ನು ಒಟ್ಟಿಗೇ ಒಳಗೆ ತಿರುಗಿಸಬೇಕು. “ನೀಸ್ ಟುಗೆದರ್, ಗರ್ಲ್ಸ್!” ಟ್ರಾಮಿನಲ್ಲಿ ನೇತಾಡಿಕೊಂಡು ಬರುವ ನಲವತ್ತು ಹುಡುಗಿಯರು ಸಾಲಾಗಿ ನಿಂತು ಬೆಂಚನ್ನು ಹತ್ತುತ್ತಿದ್ದೆವು.

ಆದರೆ ಶಾಲೆಯ ಗೇಟಿನ ಹೊರಗೆ ನಿಜವಾದ ಕಾರೊಂದು ಬರುತ್ತಿತ್ತು. ತಲೆಯ ಮೇಲಿನ ಮಾಡು ತೆರೆಯುವ, ಎರಡೇ ಸೀಟಿನ ಕಾರು. ಓಡಿಸುತ್ತಿದ್ದವರು ಪಾರ್ಸಿ ಹೆಂಗಸು, ಮಗಳನ್ನು ಕರೆದೊಯ್ಯಲು ಬರುತ್ತಿದ್ದರು. ಒಂದು ದಿನ ಅಕ್ಕ ಹೋಗಿ ಆ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತುಬಿಟ್ಟಳು. ಸಿಸ್ಟರ್ ಬಂದು ಕೈಗೆ ಚಟ್ಟನೆ ಹೊಡೆದರು. ಮನೆಗೆ ಬರುವಾಗ ಅಕ್ಕ ಹೇಳಿದಳು, “ಬೆಚ್ಚಗಿತ್ತು ಮಾರಾಯ್ತಿ, ಬೆಕ್ಕಿನ ಹೊಟ್ಟೆಯ ಹಾಗೆ. ದೊಡ್ಡವರಾದ ಮೇಲೆ ನಾವೂ ತೆಗೆದುಕೊಳ್ಳುವ. ನೀನು ಬಿಡು, ನಾನು ಕೂತ್ಕೊಳ್ತೇನೆ.”

ದೊಡ್ಡವರಾದೆವು. ನಾನು ಬ್ಯಾಂಕಿಗೆ ಸೇರಿದೆ. ಅಕ್ಕ ಮದುವೆಯಾಗಿ ವಿಲೆ ಪಾರ್ಲೆಗೆ, ಇನ್ನೊಂದು ಹೋಟೆಲಿನವರ ಮನೆಗೆ ಹೋದಳು. ಆ ಮನೆಯ ವಾಹನವೆಂದರೆ ಹೋಟೆಲಿನ ವ್ಯಾನು. ತೆಂಗಿನಕಾಯಿ ಮೂಟೆಗಳ ನಡುವೆ ರೇಷ್ಮೆ ಸೀರೆ ಮುದುಡದಂತೆ ಹಿಡಿದುಕೊಂಡು ಅವಳು ಊರಿಡೀ ಮದುವೆಗಳಿಗೆ ಹೋದಳು. ಎಂದೂ ಗೊಣಗಿದವಳಲ್ಲ.

ಕಳೆದ ವರ್ಷ ಬಾತ್‌ರೂಮಿನಲ್ಲಿ ಬಿದ್ದು ಅವಳ ಕಾಲಿನ ಗಂಟು ಮುರಿಯಿತು. ಮೂಳೆ ಕೂಡಿತು, ಪ್ಲಾಸ್ಟರ್ ತೆಗೆದರು, ಇನ್ನು ನಡೆಯಬಹುದು ಎಂದು ಡಾಕ್ಟರು ಹೇಳಿದರು. ಅವಳು ನಡೆಯಲಿಲ್ಲ. ಮಂಚದಿಂದ ಕಿಟಕಿ, ಕಿಟಕಿಯಿಂದ ಮಂಚ. ಮಗ ಕಾರು ತಂದು ನಿಲ್ಲಿಸಿದರೂ ಇಳಿದು ಬರಲಿಲ್ಲ. “ನಾನಿನ್ನು ಈ ಗೇಟು ದಾಟುವುದು ನಾಲ್ಕು ಜನರ ಹೆಗಲ ಮೇಲೆಯೇ,” ಎಂದು ನಗುತ್ತಾ ಹೇಳಿದಳು. ಆ ನಗು ನನಗೆ ಸಹಿಸಲಾಗಲಿಲ್ಲ. ಅಕ್ಕ ಗೇಟು ದಾಟಬೇಕು, ಜುಹುವಿನ ಕಡಲನ್ನು ನೋಡಬೇಕು. ಹತ್ತು ನಿಮಿಷದ ದಾರಿ. ನನಗೆ ಬೇಕಾದದ್ದು ಅಷ್ಟೇ. ನಾನಿರುವುದು ವಡಾಲದಲ್ಲಿ. ದಿನಾ ಹಾರ್ಬರ್ ಲೈನಿನ ಲೋಕಲ್ ಹಿಡಿದು, ಎರಡು ಸ್ಟೇಷನ್ನಿನ ಸೇತುವೆ ಹತ್ತಿಳಿದು ಅವಳ ಬಳಿ ಹೋಗುತ್ತಿದ್ದೆ. ನನ್ನ ಮಂಡಿಗಳೂ ಬೇಡವೆನ್ನುತ್ತಿದ್ದವು. ಹೇಗೂ ಒಂದು ಕಾರು ಬೇಕು. ಬೇಕಾದರೆ ಆ ಕಾರೇ ಯಾಕಾಗಬಾರದು?

ಮೊದಲ ದಿನ ಅದನ್ನು ತಂದು ಅವಳ ಕಿಟಕಿಯ ಕೆಳಗೆ ನಿಲ್ಲಿಸಿದಾಗ ಇಳಿದು ಬಂದವನು ಅವಳ ಮಗ. ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

“ಚಿಕ್ಕಮ್ಮ, ಯಾರನ್ನಾದರೂ ಏರ್‌ಪೋರ್ಟಿಂದ ಕರ್ಕೊಂಡು ಬರ್ಲಿಕ್ಕಿದ್ರೆ ಲಗೇಜ್ ಎಲ್ಲಿ ಇಡುದು?”

ನಮ್ಮವರಲ್ಲಿ ಕಾರೆಂದರೆ ಏರ್‌ಪೋರ್ಟ್, ಮದುವೆ, ಹಲಸಿನಹಣ್ಣು. ಕಾರಿದ್ದವರು ಕಾರಿಲ್ಲದವರಿಗೆ ಸೇರಿದವರು. ಎರಡೇ ಸೀಟಿನ ಕಾರು ತಂದ ನಾನು ನೆಂಟರಿಷ್ಟರನ್ನೆಲ್ಲ ಒಂದೇ ಏಟಿಗೆ ಬಾಗಿಲ ಹೊರಗೆ ನಿಲ್ಲಿಸಿದಂತಾಯಿತು. ಅಕ್ಕ ಮೇಲಿನಿಂದ ಬಗ್ಗಿ ನೋಡಿದಳು. “ಎಂತದು ಮಾರಾಯ್ತಿ, ಯಾರಾದರೂ ಮೆಟ್ಟಿದ್ರಾ ಅದನ್ನು? ಇಷ್ಟು ಗಿಡ್ಡ ಉಂಟು,” ಎಂದಳು. ಆದರೆ ಕಿಟಕಿಯಿಂದ ಕದಲಲಿಲ್ಲ.

ಮುಂದಿನ ಮೂರು ತಿಂಗಳ ಕತೆಯನ್ನು ನೆನೆದರೆ ಈಗಲೂ ತಲೆ ಸಿಡಿಯುತ್ತದೆ. ಇಡೀ ಮುಂಬಯಿಯನ್ನು ಬಸ್ಸಿನ ಟೈರಿನ ಎತ್ತರದಿಂದ ನೋಡಿದೆ. ಮಳೆ ಬಂದಾಗ ಬಟ್ಟೆಯ ಮಾಡು ಸೋರಿ, ಬಲ ಭುಜದ ಮೇಲೆ ಟರ್ಕಿ ಟವೆಲ್ಲು ಹಾಕಿಕೊಂಡು ಓಡಿಸಿದೆ. ಮಾಡು ತೆರೆಯುವ ಸ್ವಿಚ್ಚು ಮೂರನೆಯ ವಾರಕ್ಕೇ ಸತ್ತಿತ್ತು. ಕ್ಲಚ್ಚು ಒತ್ತುವುದೆಂದರೆ ರುಬ್ಬುಗುಂಡನ್ನು ಕಾಲಲ್ಲಿ ದೂಡಿದ ಹಾಗೆ. ಬೈಕಿನವರು ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ಎಂಜಿನ್ ಗುರ್‌ಗುಟ್ಟಿಸಿ, “ಆಂಟಿ, ರೇಸ್?” ಎನ್ನುವರು. ರೇಸ್! ಮಾಹಿಮಿನ ಟ್ರಾಫಿಕ್ಕಿನಲ್ಲಿ ನನ್ನನ್ನು ಎಳನೀರಿನ ಗಾಡಿ ಹಿಂದೆ ಹಾಕಿ ಹೋಗಿದೆ.

ವಡಾಲದಲ್ಲಿ ಲಾರಿಗಳು ನಿಲ್ಲುವ ಕಡೆ ಒಂದು ಗ್ಯಾರೇಜು. ಅದರ ಮಿಸ್ತ್ರಿ ವಿಜಯಪುರದ ಕಡೆಯವರು, ನನ್ನಷ್ಟೇ ನರೆತ ಗಡ್ಡ—ಅಂದರೆ ನನ್ನ ತಲೆಯಷ್ಟೇ. ವಾರಕ್ಕೊಮ್ಮೆ ಅವರ ದರ್ಶನ ತಪ್ಪುತ್ತಿರಲಿಲ್ಲ.

“ಅಮ್ಮಾರ, ಸಿಟ್ಟಾಗಬ್ಯಾಡ್ರಿ. ಗಾಡಿ ಭಾಳ ಛಲೋ ಐತ್ರಿ. ರೋಡ್ ಛಲೋ ಇಲ್ಲ.”

“ಹಾಗಾದರೆ ರೋಡನ್ನು ರಿಪೇರಿ ಮಾಡಿಕೊಡಿ.”

“ಅದರ ಪಾರ್ಟ್ ಸಿಗೂದಿಲ್ರಿ ಅಮ್ಮಾರ.”

ಎಲ್ಲಕ್ಕಿಂತ ದೊಡ್ಡ ತೊಂದರೆ ಇದ್ದದ್ದು ಅಕ್ಕನ ಬಿಲ್ಡಿಂಗಿನ ಗೇಟಿನಲ್ಲೇ. ಡೆಲಿವರಿ ಬೈಕುಗಳ ಹಾವಳಿ ತಡೆಯಲು ಸೊಸೈಟಿಯವರು ಅಲ್ಲೊಂದು ಸ್ಪೀಡ್ ಬ್ರೇಕರ್ ಕಟ್ಟಿಸಿದ್ದರು. ಸ್ಪೀಡ್ ಬ್ರೇಕರ್ ಎಂದರೆ ಮರ್ಯಾದೆ ಕೊಟ್ಟಂತಾಯಿತು. ಅದು ಸಿಮೆಂಟಿನ ದಿಂಡು. ನಾನೊಬ್ಬಳೇ ಇದ್ದಾಗ ಓರೆಯಾಗಿ ತಿರುಗಿಸಿ, ಉಸಿರು ಬಿಗಿಹಿಡಿದು ದಾಟುತ್ತಿದ್ದೆ. ಮಿಸ್ತ್ರಿ ಒಂದು ದಿನ ಕಾರಿನ ಕೆಳಗೆ ಮಲಗಿ ಎಲ್ಲವನ್ನೂ ನೋಡಿ, ಎದ್ದು ಬಂದು ಕೇಳಿದರು, “ನಿಮ್ಮ ಅಕ್ಕಾರು ಎಷ್ಟ ದಪ್ಪ ಅದಾರ್ರಿ?”

“ಅದು ಕೇಳುವ ಪ್ರಶ್ನೆಯಾ?”

“ಕೇಳಬೇಕಾಗತೈತ್ರಿ. ಒಬ್ಬರು ಕುಂತ್ರ ದಾಟತೈತಿ. ಇಬ್ಬರು ಕುಂತ್ರ ಗಾಡಿ ಎರಡು ಬೆರಳು ಕೆಳಗ ಇಳೀತೈತಿ. ಹೊಟ್ಟಿ ಹರೀತೈತ್ರಿ.”

ಯಾರಿಗಾಗಿ ಕೊಂಡೆನೋ ಅವಳು ಕೂತರೆ ಗೇಟು ದಾಟದ ಕಾರು! ಸೊಸೈಟಿಯ ಸೆಕ್ರೆಟರಿಗೆ ಅರ್ಜಿ ಬರೆದೆ, ಇಂಗ್ಲಿಷಿನಲ್ಲಿ, ಸಿಸ್ಟರ್ ಕಲಿಸಿದ ಕರ್ಸಿವ್ ಅಕ್ಷರಗಳಲ್ಲಿ. ಅವರು ನಮ್ಮ ಕಡೆಯವರೇ, ಹೋಟೆಲಿನ ಗಲ್ಲಾದಲ್ಲಿ ಕೂತು ರಿಟೈರ್ ಆದವರು. ಪತ್ರವನ್ನು ದೂರ ಹಿಡಿದು ಓದಿದರು.

“ಅಕ್ಷರ ಭಾರೀ ಚಂದ ಉಂಟು ಮೇಡಂ. ಆದ್ರೆ ಒಂದು ಗಾಡಿಗೋಸ್ಕರ ಬ್ರೇಕರ್ ತೆಗೀಲಿಕ್ಕೆ ಆಗುದಿಲ್ಲ. ಜನರಲ್ ಬಾಡಿ ಮೀಟಿಂಗಲ್ಲಿ ಇಡುವ.”

“ಮೀಟಿಂಗ್ ಯಾವಾಗ?”

“ಅದು ಆಗ್ತದೆ. ಆಗುವಾಗ ಆಗ್ತದೆ.”

ಮಳೆ ನಿಂತು ವಾರವಾಗಿತ್ತು. ಒಂದು ಸಂಜೆ ನಾನು ಹೋದಾಗ ಅಕ್ಕ ತಲೆ ಬಾಚಿ, ಹೊರಗಿನ ಸೀರೆ ಉಟ್ಟು, ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಇವತ್ತು ಬರ್ತೇನೆ. ಮತ್ತೆ ಕೇಳ್ಬೇಡ, ನನ್ನ ಮನಸ್ಸು ಬದಲಾದೀತು,” ಎಂದಳು. ಬ್ರೇಕರ್ ವಿಷಯ ನನ್ನ ನಾಲಗೆಯ ತುದಿಗೆ ಬಂತು. ಹೇಳಿದರೆ ಅವಳು ವಾಪಸು ಮಂಚಕ್ಕೆ ಹೋಗುತ್ತಾಳೆ, ಇನ್ನೆಂದೂ ಏಳುವುದಿಲ್ಲ. ಬಾಯಿ ಮುಚ್ಚಿಕೊಂಡೆ.

ಲಿಫ್ಟಿನಲ್ಲಿ ಇಳಿದೆವು. ಕಾರಿನ ಬಾಗಿಲು ತೆರೆದೆ. ಸೀಟು ನೆಲದಿಂದ ಒಂದು ಮಣೆಯಷ್ಟು ಎತ್ತರ. ಹೇಗೆ ಕೂರುತ್ತಾಳೆ ಎಂದು ನಾನು ಯೋಚಿಸುತ್ತಿರುವಾಗಲೇ ಅಕ್ಕ ವಾಕರನ್ನು ನನ್ನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ, ಬಾಗಿಲನ್ನು ಹಿಡಿದು ಮೆಲ್ಲನೆ ಕೂತಳು. ಮಂಡಿ ಎರಡೂ ಜೋಡಿಸಿದಳು. ಕಾಲುಗಳು ಒಟ್ಟಿಗೇ ಒಳಗೆ ಹೋದವು.

“ನೀಸ್ ಟುಗೆದರ್,” ಎಂದಳು ಗಂಭೀರವಾಗಿ. ಅರವತ್ತು ವರ್ಷದ ಕೆಳಗಿನ ಬೆಂಚು ಕೊನೆಗೂ ಕಾರಾಯಿತು.

ಗೇಟಿನವರೆಗಿನ ಮೂವತ್ತು ಗಜ ಸ್ವರ್ಗ. ನಂತರ ನಾನು ಆದಷ್ಟೂ ಓರೆಯಾಗಿ ತಿರುಗಿಸಿದೆ, ಮುಂದಿನ ಚಕ್ರಗಳು ದಿಂಡನ್ನು ಹತ್ತಿ ಇಳಿದವು, ಆಮೇಲೆ ಕೆಳಗಿನಿಂದ ಹಂಚಿನ ಮೇಲೆ ಸೌಟು ಎಳೆದಂಥ ಸದ್ದು. ಕಾರು ನಿಂತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ, ಹೊಟ್ಟೆಯ ಮೇಲೆ ಕೂತಿತ್ತು. ಒಳಗೆ ಬರುವ ರಿಕ್ಷಾ ಹಾರ್ನ್ ಹಾಕತೊಡಗಿತು. ಸೆಕ್ರೆಟರಿ ಬನಿಯನ್ನಿನಲ್ಲೇ ಓಡಿ ಬಂದರು.

“ಒಬ್ರು ಇಳೀರಿ ಮೇಡಂ! ಭಾರ ಕಮ್ಮಿ ಆಗ್ಲಿ!”

ಅಕ್ಕನತ್ತ ನೋಡಿದೆ. ಅವಳು ನೆಟ್ಟಗೆ ಮುಂದೆ ನೋಡುತ್ತಿದ್ದಳು. “ಹತ್ತುದನ್ನು ಮಾತ್ರ ಸಿಸ್ಟರ್ ಕಲಿಸಿದ್ದು,” ಎಂದಳು. “ಇಳಿಯುದನ್ನು ಕಲಿಸಲಿಲ್ಲ. ನೀನೇ ಇಳಿ.”

ನಾನೇ ಇಳಿದೆ. ಗೇರು ನ್ಯೂಟ್ರಲ್ಲಿಗೆ ಹಾಕಿ, ಕಿಟಕಿಯಿಂದ ಕೈ ತೂರಿಸಿ ಸ್ಟಿಯರಿಂಗ್ ಹಿಡಿದುಕೊಂಡೆ. ವಾಚ್‌ಮನ್, ಸೆಕ್ರೆಟರಿ, ರಿಕ್ಷಾದವನು, ಎದುರಿನ ಇಸ್ತ್ರಿ ಅಂಗಡಿಯವನು, ನಾಲ್ಕು ಜನ ಹಿಂದಿನಿಂದ ಎತ್ತಿ ನೂಕಿದರು. ಕೆಳಗಡೆ ಏನೋ ಹರಿದ ಸದ್ದು, ಒಂದು ಧಡಕ್, ಕಾರು ರಸ್ತೆಗೆ ಜಾರಿತು. ಹತ್ತು ಹೆಜ್ಜೆ ದೂರ ಹೋಗಿ ಮರದ ಕೆಳಗೆ ನಿಂತಿತು. ಅಡಿಯಿಂದ ಎಂಜಿನ್ ಆಯಿಲ್ ಕಪ್ಪಗೆ ಸುರಿಯುತ್ತಿತ್ತು.

ಅಕ್ಕ ಹಿಂದೆ ತಿರುಗಿ, ಏದುಸಿರು ಬಿಡುತ್ತಿದ್ದ ಅಷ್ಟೂ ಮಂದಿಯನ್ನು ಎಣಿಸಿದಳು. “ನೋಡು, ನಾಲ್ಕೇ ಜನ,” ಎಂದಳು. “ನಾನು ಹೇಳಿದ್ದು ಸುಳ್ಳಾಗಲಿಲ್ಲ.”

ನನಗೆ ನಗು ಬರಲಿಲ್ಲ. ಫಾರ್ ಹೆವೆನ್ಸ್ ಸೇಕ್, ಜುಹು ಹತ್ತು ನಿಮಿಷದ ದಾರಿ, ನಾವು ಹೋದದ್ದು ಹತ್ತು ಹೆಜ್ಜೆ. ಮಿಸ್ತ್ರಿಗೆ ಫೋನ್ ಮಾಡಿದೆ. ಎಂಜಿನ್ ಚಾಲೂ ಮಾಡಬೇಡಿ, ಎಳೆಯುವ ಗಾಡಿ ಕಳಿಸುತ್ತೇನೆ ಎಂದರು. ಅದು ಬರುವತನಕ ಇಬ್ಬರೂ ಅದರಲ್ಲೇ ಕೂತು ಎಳನೀರು ಕುಡಿದೆವು. ತಲೆಯ ಮೇಲೆ ವಿಮಾನ ಇಳಿಯುವಾಗಲೆಲ್ಲ ಅಕ್ಕ ಮಾತು ನಿಲ್ಲಿಸಿ, ದಾಟಿದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಿದ್ದಳು. ನಾನು ಅಳುವ ಹಾಗಿದ್ದೆ. ಅವಳು ಸೊಸೆಯ ನಾಯಿ ಗಂಜಿ ತಿನ್ನಲು ಒಪ್ಪದಿರುವುದರ ಬಗ್ಗೆ ಹೇಳುತ್ತಿದ್ದಳು.

ಎಳೆಯುವ ಗಾಡಿ ಬಂತು. ಈಗ ಅಕ್ಕ ಇಳಿಯಲೇಬೇಕು. ಸೆಕ್ರೆಟರಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಎದುರಿಗಿಟ್ಟರು. ಅವಳು ಕಾಲೆರಡನ್ನೂ ಜೋಡಿಸಿ ಹೊರಗೆ ತಿರುಗಿಸಿ, ಕುರ್ಚಿಯ ಕೈಗಳನ್ನು ಹಿಡಿದು, ನನಗೊಂದು ಬೈಗುಳ ಕೊಟ್ಟು ಎದ್ದು ನಿಂತಳು. ಕುರ್ಚಿಯಲ್ಲಿ ಕೂರಿಸಿಯೇ ಹೊತ್ತೊಯ್ಯುತ್ತೇವೆ ಎಂದು ವಾಚ್‌ಮನ್ ಮುಂದೆ ಬಂದ. “ಮುಟ್ಟಬೇಡ,” ಎಂದಳು. ಹೊರಡುವ ಮೊದಲು ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಎಂಜಿನ್ ನಿಂತು ಮುಕ್ಕಾಲು ಗಂಟೆಯಾಗಿತ್ತು. ಬೆಚ್ಚಗಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಆಮೇಲೆ ನಾನು ಡಿಕ್ಕಿಯಿಂದ ತೆಗೆದುಕೊಟ್ಟ ವಾಕರ್ ಹಿಡಿದು ಗೇಟಿನತ್ತ ನಡೆದಳು. ಸ್ಪೀಡ್ ಬ್ರೇಕರನ್ನು ಹತ್ತಿದಳು, ಇಳಿದಳು, ಲಿಫ್ಟಿನತ್ತ ಹೋದಳು.

ನನಗೆ ಸಿಟ್ಟು ನೆತ್ತಿಗೇರಿತು. “ನಡೀಲಿಕ್ಕೆ ಆಗ್ತದಲ್ಲ ನಿಂಗೆ! ಇಷ್ಟು ತಿಂಗಳು ಎಂತ ಮಾಡ್ತಿದ್ದಿ?”

“ಕಾರು ನೀನು ತಂದದ್ದು ಈಗ ಅಲ್ವಾ?”

ಕಾರು ಈಗ ಮಿಸ್ತ್ರಿಯ ಗ್ಯಾರೇಜಿನಲ್ಲಿ ಇಟ್ಟಿಗೆಗಳ ಮೇಲೆ ನಿಂತಿದೆ. ಆಯಿಲ್ ತುಂಬುವ ತೊಟ್ಟಿ ಒಡೆದಿದೆ, ಅದು ಹೊರದೇಶದಿಂದ ಬರಬೇಕು. “ಮಾರಿಬಿಡ್ರಿ ಅಮ್ಮಾರ” ಎಂದು ಅವರೂ, “ವ್ಯಾನ್ ತಗೊಳ್ಳಿ ಚಿಕ್ಕಮ್ಮ” ಎಂದು ಅಕ್ಕನ ಮಗನೂ ಹೇಳುತ್ತಲೇ ಇದ್ದಾರೆ. ನಾನು ಮತ್ತೆ ಹಾರ್ಬರ್ ಲೈನಿನ ಲೋಕಲ್ಲಿಗೆ, ಸೇತುವೆಯ ಮೆಟ್ಟಿಲುಗಳಿಗೆ ಬಂದಿದ್ದೇನೆ.

ಆದರೆ ಈಗ ಅಕ್ಕನ ಬಿಲ್ಡಿಂಗಿನ ಒಳಗೆ ಹೋಗಬೇಕಿಲ್ಲ. ದಿನಾ ನಾಲ್ಕು ಗಂಟೆಗೆ ಅವಳು ಆ ಸಿಮೆಂಟಿನ ದಿಂಡನ್ನು ತಾನೇ ದಾಟಿ, ಗೇಟಿನ ಹೊರಗೆ ಮರದ ಕೆಳಗೆ ಸೆಕ್ರೆಟರಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಾಳೆ. ನಾನು ಮಂಡಿ ಉಜ್ಜಿಕೊಳ್ಳುತ್ತಾ, ಬೆವರಿಳಿಸಿಕೊಂಡು ಬರುವುದನ್ನು ದೂರದಿಂದಲೇ ನೋಡುತ್ತಾಳೆ.

“ಪಾರ್ಟ್ ಬಂತಾ?”

“ಇಲ್ಲ.”

“ಮತ್ತೆ ಎಂತಕ್ಕೆ ಬಂದದ್ದು ನೀನು?”

ಕುರ್ಚಿ ಇರುವುದು ಒಂದೇ. ಅವಳು ಏಳುವುದಿಲ್ಲ.